ಫಾರ್ಮ್ಯಾಟ್ ಹೊಡೆಸೋದು ಸಾಕು, ಡಿಸ್ಕ್ ಬದಲಿಸಿ

ನಮ್ಮ ಮಲೆನಾಡಿನ ಮನೆಗಳಲ್ಲಿ ಕಂಪ್ಯೂಟರ್ ಸ್ಲೋ ಆಯ್ತು ಅಂದ್ರೆ ಎಲ್ಲರೂ ಮಾಡುವುದು ಒಂದೇ. ಸಿಪಿಯು ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕುವುದು, ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಿ ಫಾರ್ಮ್ಯಾಟ್ ಹೊಡೆಸಿಕೊಂಡು ಬರುವುದು. ಒಂದೆರಡು ತಿಂಗಳು ಪರವಾಗಿಲ್ಲ ಅನ್ನಿಸುತ್ತದೆ. ಆಮೇಲೆ ಮತ್ತೆ ಅದೇ ರಾಗ, ಅದೇ ಹಾಡು. ಹೀಗೆ ಮೂರ್ನಾಲ್ಕು ಸಲ ಆದ ಮೇಲೆ ಅಂಗಡಿಯವರೇ ಹೇಳ್ತಾರೆ, "ಇದು ಹಳೇದಾಯ್ತು ಸಾರ್, ಹೊಸ ಸಿಸ್ಟಮ್ ತಗೊಂಡ್ಬಿಡಿ" ಅಂತ. ನಾವೂ ತಲೆ ಆಡಿಸಿ ಬರ್ತೇವೆ.

ತಗೋಬೇಡಿ. ಆ ದುಡ್ಡಲ್ಲಿ ತೋಟಕ್ಕೆ ಗೊಬ್ಬರ ಹಾಕಿಸಿ. ಕಂಪ್ಯೂಟರಿಗೆ, ಹಾರ್ಡ್ ಡಿಸ್ಕಿನ ಬದಲು ಚಿಪ್ಪಿನಲ್ಲಿ ಫೈಲು ಇಡುವ ಒಂದು ಎಸ್ಎಸ್‌ಡಿ ಹಾಕಿಸಿ. ಹತ್ತು ಹನ್ನೆರಡು ವರ್ಷದ ಹಳೆ ಡೆಸ್ಕ್‌ಟಾಪ್ ಆದರೂ ಸರಿ.

ಮೊನ್ನೆ ಹೊಸನಗರದ ಹತ್ತಿರ ಅಕ್ಕನ ಮನೆಗೆ ಹೋದಾಗ ಭಾವನ ಕಂಪ್ಯೂಟರ್ ನೋಡಿದೆ. ಇಂಟೆಲ್ ಮೂರನೇ ಜನರೇಷನ್ನಿನ ಐ3, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಡಿಕೆ ಲೆಕ್ಕ, ಕೂಲಿಯವರ ಬಟವಾಡೆ, ಮದುವೆ ಫೋಟೋ, ಸಂಘದ ಪತ್ರ, ಎಲ್ಲವೂ ಅದರಲ್ಲೇ. ಸ್ವಿಚ್ ಒತ್ತಿ ಭಾವ ಕೊಟ್ಟಿಗೆ ಕಡೆ ಹೊರಟರು.

"ಎಲ್ಲಿಗೆ ಭಾವ?"

"ಅದು ಆನ್ ಆಗೋ ಹೊತ್ತಿಗೆ ದನಕ್ಕೆ ಹುಲ್ಲು ಹಾಕಿ ಬರ್ತೀನಿ ಮಾರಾಯ."

ತಮಾಷೆಗೆ ಹೇಳಿದ್ದಲ್ಲ. ದಿನವೂ ಹಾಗೇ ಅಂತೆ.

ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಸಿಪಿಯು, ಅಂದ್ರೆ ಪ್ರೊಸೆಸರ್, ಹತ್ತು ಪರ್ಸೆಂಟೂ ಕೆಲಸ ಮಾಡುತ್ತಿಲ್ಲ. ಡಿಸ್ಕ್ ಮಾತ್ರ 100 ಪರ್ಸೆಂಟ್, ಕೆಳಗೆ ಇಳಿಯುವ ಮಾತೇ ಇಲ್ಲ. ಡಬ್ಬಿಯೊಳಗಿಂದ ಕರ್ ಕರ್ ಶಬ್ದ. ನಿಮ್ಮ ಮನೆಯಲ್ಲೂ ಒಮ್ಮೆ ಹೀಗೆ ನೋಡಿ. ಪ್ರೊಸೆಸರ್ ಸುಮ್ನೆ ಕೂತಿದ್ದು ಡಿಸ್ಕ್ ಏದುಸಿರು ಬಿಡುತ್ತಿದ್ದರೆ ಕಾಯಿಲೆ ಯಾವುದು ಅಂತ ಕೇಳಬೇಕಾಗಿಲ್ಲ, ಅಲ್ವಾ?

ಹಾರ್ಡ್ ಡಿಸ್ಕಿನೊಳಗೆ ಇರುವುದು ತಿರುಗುವ ತಟ್ಟೆ. ಡೆಸ್ಕ್‌ಟಾಪಿನದು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಲ್ಯಾಪ್‌ಟಾಪಿನದು ಹೆಚ್ಚಾಗಿ 5400. ಅದರ ಮೇಲೆ ಸೂಜಿಯಂಥ ಒಂದು ಕೈ ಅತ್ತಿತ್ತ ಓಡಾಡುತ್ತದೆ. ಬೇಕಾದ ಜಾಗಕ್ಕೆ ಕೈ ಹೋಗಬೇಕು, ಆಮೇಲೆ ಆ ಜಾಗ ತಿರುಗಿ ಕೈ ಕೆಳಗೆ ಬರುವ ತನಕ ಕಾಯಬೇಕು. ಎರಡೂ ಸೇರಿ ಸುಮಾರು 12 ಮಿಲಿಸೆಕೆಂಡ್. ಕೇಳೋಕೆ ಕಡಿಮೆ ಅನ್ನಿಸುತ್ತದೆ. ಆದರೆ ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಸಣ್ಣ ಫೈಲು ಓದುತ್ತದೆ, ಅವು ಡಿಸ್ಕಿನ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಈ ಲೆಕ್ಕದಲ್ಲಿ ಸೆಕೆಂಡಿಗೆ ನೂರು ಓದಿದರೆ ದೊಡ್ಡದು. ಎಸ್ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡಾಡುವುದೂ ಇಲ್ಲ, ಬರೀ ಚಿಪ್ಪು. ಒಂದು ಓದಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಡಿಕೆ ಕೊನೆ ತೆಗೆಯುವವನು ಒಂದೊಂದು ಕೊನೆಗೂ ಮರ ಇಳಿದು ಹತ್ತುವುದಕ್ಕೂ, ಮೇಲಿನಿಂದಲೇ ಮರದಿಂದ ಮರಕ್ಕೆ ಬಾಗಿಕೊಂಡು ದಾಟುವುದಕ್ಕೂ ಇರುವ ವ್ಯತ್ಯಾಸ ಇದು.

ತಿರುಗುವ ತಟ್ಟೆಯ ಕಥೆ ಹಳೇದು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಇಷ್ಟೆಲ್ಲ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಈಗಿನ ಮೊಬೈಲಿನ ಒಂದೆರಡು ಫೋಟೋದಷ್ಟು! ಆಮೇಲೆ ತಟ್ಟೆ ಚಿಕ್ಕದಾಯ್ತು, ಜಾಗ ಲಕ್ಷಾಂತರ ಪಟ್ಟು ಬೆಳೆಯಿತು. ತಿರುಗುವುದು ಮಾತ್ರ ತಪ್ಪಲಿಲ್ಲ. ಅದನ್ನು ತಪ್ಪಿಸಿದ್ದು ಫ್ಲ್ಯಾಶ್ ಮೆಮೊರಿ. 1980ರ ದಶಕದಲ್ಲಿ ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಕಂಡುಹಿಡಿದದ್ದು. ನಿಮ್ಮ ಪೆನ್‌ಡ್ರೈವ್, ಮೊಬೈಲು, ಎಸ್ಎಸ್‌ಡಿ ಎಲ್ಲದರ ಹೊಟ್ಟೆಯಲ್ಲಿರುವುದು ಅದೇ.

"ಹಳೆ ಮದರ್‌ಬೋರ್ಡಿಗೆ ಎಸ್ಎಸ್‌ಡಿ ಹಾಕಿದ್ರೆ ಪೂರ್ತಿ ಸ್ಪೀಡ್ ಬರಲ್ಲ, ವೇಸ್ಟು" ಅನ್ನುವವರು ತುಂಬಾ ಜನ ಇದ್ದಾರೆ. ಮೊದಲರ್ಧ ನಿಜ. ಭಾವನದು ಎಚ್61 ಬೋರ್ಡು, ಆ ಚಿಪ್‌ಸೆಟ್ಟಿನಲ್ಲಿ ಇರುವುದು 3 ಗಿಗಾಬಿಟ್‌ನ ಸಾಟಾ ಪೋರ್ಟು, ಅಂದ್ರೆ ಡಿಸ್ಕಿನ ಕೇಬಲ್ ಸಿಕ್ಕಿಸುವ ಜಾಗ. ಸೆಕೆಂಡಿಗೆ 550 ಎಂಬಿ ಕೊಡಬಲ್ಲ ಡ್ರೈವು ಅಲ್ಲಿ 270-280ಕ್ಕೆ ನಿಲ್ಲುತ್ತದೆ. ಆದರೆ ಆ ಲೆಕ್ಕ ದೊಡ್ಡ ಸಿನಿಮಾ ಫೈಲು ಕಾಪಿ ಮಾಡುವಾಗಿನದು. ಎಕ್ಸೆಲ್ ತೆಗೆಯುವಾಗ ನಮ್ಮ ಜೀವ ತಿನ್ನುವುದು ಆ 12 ಮಿಲಿಸೆಕೆಂಡಿನ ಕಾಯುವಿಕೆ. ಅದು ಹಳೆ ಪೋರ್ಟಿನಲ್ಲೂ ಪೂರ್ತಿ ಹೋಗುತ್ತದೆ.

ಇದೇ ಕಾರಣಕ್ಕೆ, ಹೊಸ ಲ್ಯಾಪ್‌ಟಾಪ್ ಇದ್ದವರಿಗೂ ಎಸ್ಎಸ್‌ಡಿಯಲ್ಲೇ ಸಾಟಾಕ್ಕಿಂತ ವೇಗದ ಜಾತಿಯಾದ ಅತಿ ದುಬಾರಿ ಎನ್‌ವಿಎಂಇ ಬೇಕು ಅಂತ ನನಗೆ ಅನ್ನಿಸುವುದಿಲ್ಲ. ಸೆಕೆಂಡಿಗೆ 3500 ಎಂಬಿಯದಕ್ಕೂ 7000 ಎಂಬಿಯದಕ್ಕೂ ಮನೆ ಕೆಲಸದಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ಒಂದು ಮಾತ್ರ ನೋಡಿಕೊಳ್ಳಿ. ಎಂ.2 ಅನ್ನುವುದು ಬರೀ ಡ್ರೈವಿನ ಆಕಾರದ ಹೆಸರು. ಅದೇ ಆಕಾರದಲ್ಲಿ ಸಾಟಾದ್ದೂ ಬರುತ್ತದೆ, ಎನ್‌ವಿಎಂಇಯದ್ದೂ ಬರುತ್ತದೆ. ಕೆಲವು ಸ್ಲಾಟು ಒಂದನ್ನೇ ಒಪ್ಪುತ್ತದೆ. ಮಾಡೆಲ್ ನಂಬರ್ ಹಿಡಿದು ಮ್ಯಾನುಯಲ್ ನೋಡದೆ ದುಡ್ಡು ಕೊಡಬೇಡಿ.

ಭಾವನ ಡಬ್ಬಿಯ ಪಕ್ಕದ ತಗಡು ಬಿಚ್ಚಿದಾಗ ಮೊದಲು ಹೊರಬಿದ್ದದ್ದು ಹಲ್ಲಿ ಮೊಟ್ಟೆಯ ಸಿಪ್ಪೆ. ಫ್ಯಾನಿನ ಮೇಲೆ ಕೆಂಪು ಧೂಳಿನ ಪದರ, ಮೂಲೆಯಲ್ಲಿ ಬೂಷ್ಟು. ಹಳೆ ಡಿಸ್ಕಿನ ಮೇಲೆ ಒಂದು ಸಣ್ಣ ತೂತು, ಪಕ್ಕದಲ್ಲಿ ಇದನ್ನು ಮುಚ್ಚಬೇಡಿ ಅಂತ ಇಂಗ್ಲಿಷಿನ ಬರಹ. ಒಳಗೂ ಹೊರಗೂ ಗಾಳಿಯ ಒತ್ತಡ ಸಮ ಇರಲಿ ಅಂತ ಬಿಟ್ಟ ತೂತು ಅದು. ಒಳಗೆ ಫಿಲ್ಟರ್ ಇರುತ್ತದೆ, ಧೂಳು ಹೋಗಲ್ಲ. ಆದರೂ ಜುಲೈ ತಿಂಗಳ ನಮ್ಮ ಥಂಡಿಯಲ್ಲಿ ಆ ಡಿಸ್ಕು ಇಷ್ಟು ವರ್ಷ ಉಸಿರಾಡಿಕೊಂಡು ಬದುಕಿದೆಯಲ್ಲ ಅಂತ ಆಶ್ಚರ್ಯವಾಯ್ತು. ಹೊಸ ಎಸ್ಎಸ್‌ಡಿ ಕೈಗೆ ಕೊಟ್ಟರೆ ಭಾವ ಅದನ್ನು ತೂಗಿ ನೋಡಿ "ಒಳಗೆ ಏನಾದ್ರೂ ಇದೆಯೇನೋ?" ಅಂದರು. ಅವರ ಅನುಮಾನ ತಪ್ಪಲ್ಲ. ಎಷ್ಟೋ ಎಸ್ಎಸ್‌ಡಿ ಡಬ್ಬಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿಯೇ.

ಹಳೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಾಗೇ ನಕಲು (ಕ್ಲೋನ್) ಮಾಡುವ ಗೋಜಿಗೆ ಹೋಗಲಿಲ್ಲ. ವರ್ಷಗಟ್ಟಲೆಯ ಕಸವನ್ನು ಹೊಸ ಮನೆಗೆ ಯಾಕೆ ಹೊರಬೇಕು? ಎಸ್ಎಸ್‌ಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿದೆ. ಹಾಕುವಾಗ ಹಳೆ ಡಿಸ್ಕಿನ ಕೇಬಲ್ ಕಿತ್ತಿಡಬೇಕು. ಇಲ್ಲದಿದ್ದರೆ ವಿಂಡೋಸ್ ಬೂಟ್ ಫೈಲುಗಳನ್ನು ಹಳೆ ಡಿಸ್ಕಿನಲ್ಲೇ ಇಡುವುದುಂಟು, ನಾಳೆ ಹಳೇದು ತೆಗೆದರೆ ಹೊಸದೂ ಏಳುವುದಿಲ್ಲ. ಹಳೆ ಬೋರ್ಡುಗಳ ಬಯಾಸಿನಲ್ಲಿ, ಅಂದ್ರೆ ವಿಂಡೋಸಿಗೂ ಮೊದಲಿನ ಸೆಟ್ಟಿಂಗ್ ಪುಟದಲ್ಲಿ, ಸಾಟಾ ಮೋಡ್ ಐಡಿಇ ಅಂತ ಇದ್ದರೆ ಮೊದಲೇ ಎಎಚ್‌ಸಿಐ ಮಾಡಿಕೊಳ್ಳಿ. ಇಷ್ಟು ಹೇಳಿದರೆ ಫಾರ್ಮ್ಯಾಟ್ ಹೊಡೆಯುವ ಯಾವ ಹುಡುಗನೂ ಈ ಕೆಲಸ ಮಾಡಿಕೊಡುತ್ತಾನೆ.

ಎಸ್ಎಸ್‌ಡಿ ಬೇಗ ಸವೆದುಹೋಗುತ್ತದಂತೆ ಅನ್ನುವ ಭಯ ನಮ್ಮ ಕಡೆ ಜಾಸ್ತಿ. ಸವೆಯುತ್ತದೆ, ಸರಿ. ಸ್ಯಾಮ್‌ಸಂಗ್ 870 ಇವೊ 250 ಜಿಬಿ ಡ್ರೈವಿಗೆ ಕಂಪನಿ ಹೇಳುವುದು 150 ಟೆರಾಬೈಟ್ ಬರೆಯುವ ತನಕ, ಇಲ್ಲಾ 5 ವರ್ಷ, ಯಾವುದು ಮೊದಲೋ ಅಲ್ಲಿಯ ತನಕ ವಾರಂಟಿ. ದಿನಕ್ಕೆ 20 ಜಿಬಿ ಬರೆದರೂ 150 ಟೆರಾಬೈಟ್ ಮುಗಿಯಲು 20 ವರ್ಷ ಬೇಕು. ಅಡಿಕೆ ಲೆಕ್ಕಕ್ಕೆ ದಿನಕ್ಕೆ 20 ಜಿಬಿ ಯಾರು ಬರೀತಾರೆ?

ನಾನು ಹೆದರುವುದು ಬೇರೆ ವಿಷಯಕ್ಕೆ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಎಷ್ಟೋ ಸಲ ನರಳುತ್ತದೆ. ಟಕ್ ಟಕ್ ಅನ್ನುತ್ತದೆ, ಫೈಲು ತೆಗೆಯೋಕೆ ತಡ ಮಾಡುತ್ತದೆ. ಎಸ್ಎಸ್‌ಡಿ ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಇಲ್ಲವೇ ಇಲ್ಲ ಅನ್ನುವಂತೆ ಹೋಗಿಬಿಡಬಹುದು. ಅಳಿಸಿದ ಫೈಲನ್ನು ವಾಪಸ್ ತರುವುದೂ ಅದರಲ್ಲಿ ಕಷ್ಟ. ಟ್ರಿಮ್ ಅನ್ನುವ ವ್ಯವಸ್ಥೆ ಆ ಜಾಗವನ್ನು ಗುಡಿಸಿ ಇಟ್ಟಿರುತ್ತದೆ. ಹಾಗಾಗಿ ಮದುವೆ ಫೋಟೋ ಎಸ್ಎಸ್‌ಡಿಯಲ್ಲಿ ಮಾತ್ರ ಇಡಬೇಡಿ. ಹಳೆ ಡಿಸ್ಕನ್ನು ಎರಡನೇ ಡ್ರೈವಾಗಿ ಅದೇ ಡಬ್ಬಿಯಲ್ಲಿ ಬಿಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ, ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ, ಹಳದಿ ಇಲ್ಲಾ ಕೆಂಪು ಬಣ್ಣ ತೋರಿಸಿದರೆ ಆ ಡಿಸ್ಕನ್ನು ನಂಬಬೇಡಿ. ಇನ್ನೊಂದು ಪ್ರತಿ ಡಬ್ಬಿಯ ಹೊರಗೆ ಎಲ್ಲಾದರೂ ಇರಲಿ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಕರೆಂಟಿನ ವಿಷಯವೂ ಹಾಗೇ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು ನಮಗೇನು ಹೊಸದಲ್ಲ. ಎಸ್ಎಸ್‌ಡಿ ಬಂತು, ಇನ್ನು ಯುಪಿಎಸ್ ಯಾಕೆ ಅನ್ನಬೇಡಿ. ಮನೆ ಬಳಕೆಯ ಡ್ರೈವುಗಳಲ್ಲಿ, ಬರೆಯುತ್ತಿರುವಾಗ ಕರೆಂಟು ಹೋದರೆ ಕಾಪಾಡುವ ಕೆಪಾಸಿಟರ್ ಸಾಮಾನ್ಯವಾಗಿ ಇರುವುದಿಲ್ಲ. ಇನ್ವರ್ಟರ್ ಇದೆ ಅನ್ನುವವರು ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯಾ ನೋಡಿ. ಇಲ್ಲದಿದ್ದರೆ ಅದು ಬದಲಾಯಿಸುವಷ್ಟರಲ್ಲಿ ಕಂಪ್ಯೂಟರ್ ಒಮ್ಮೆ ಸತ್ತು ಹುಟ್ಟಿರುತ್ತದೆ.

ಆನ್‌ಲೈನಿನಲ್ಲಿ 16 ಟಿಬಿ ಎಸ್ಎಸ್‌ಡಿ ಎರಡು ಸಾವಿರಕ್ಕೆ ಅಂತ ಕಂಡರೆ ಮುಟ್ಟಬೇಡಿ. ಒಳಗೆ ಸಣ್ಣ ಮೆಮೊರಿ ಕಾರ್ಡು ಇಟ್ಟು ದೊಡ್ಡ ಸೈಜು ತೋರಿಸುವ ಮೋಸ ಅದು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳ ದೆಸೆಯಿಂದ ಮೆಮೊರಿ ಚಿಪ್ಪಿನ ರೇಟೇ ಏರಿತ್ತು. ಅಗ್ಗಕ್ಕೆ ಯಾರೂ ಕೊಡಲ್ಲ. ಮನೆಗೆ 250 ಇಲ್ಲಾ 500 ಜಿಬಿ ಧಾರಾಳ ಸಾಕು.

ಉಳಿದದ್ದು ವಿಂಡೋಸ್ ತಕರಾರು. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಇಷ್ಟು ಹಳೆ ಪ್ರೊಸೆಸರನ್ನು ಒಪ್ಪುವುದಿಲ್ಲ. ಎಸ್ಎಸ್‌ಡಿ ಹಾಕಿದರೂ ಈ ಗೋಡೆ ಬೀಳುವುದಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ನನ್ನ ಕೇಳಿದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ. ಎಕ್ಸೆಲ್ ಬದಲು ಲಿಬ್ರೆ ಆಫೀಸಿನಲ್ಲಿ ಲೆಕ್ಕ ಆಗುತ್ತದೆ, ಕನ್ನಡ ಟೈಪಿಂಗಿಗೆ ನುಡಿಯಲ್ಲಿರುವಂಥದ್ದೇ ಕೆಜಿಪಿ ಕೀಲಿಮಣೆಯೂ ಹಾಕಿಕೊಳ್ಳಬಹುದು. ಭಾವ ಇನ್ನೂ ಒಪ್ಪಿಲ್ಲ. ಸಂಘದ ಹಳೆ ಪತ್ರಗಳೆಲ್ಲ ನುಡಿ ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿವೆ, ಅವು ಅಲ್ಲಿ ಸರಿಯಾಗಿ ತೆರೆದುಕೊಂಡರೆ ಮಾತ್ರ ಅಂತ ಪಟ್ಟು ಹಿಡಿದಿದ್ದಾರೆ. ಅದು ನ್ಯಾಯವೇ. ಮುಂದಿನ ಸಲ ಹೋದಾಗ ಆ ಪತ್ರಗಳನ್ನು ಎಲ್ಲ ಕಡೆ ತೆರೆದುಕೊಳ್ಳುವ ಯುನಿಕೋಡಿಗೆ ಬದಲಿಸಿ ಕೊಡುವುದು ಅಂತ ಮಾತಾಗಿದೆ.