ಬಗ್ಗಲಾರದವನ ದೋಟಿ

ನಾನು ಗಾಲ್ಫ್ ಆಡ್ತೀನಿ ಅಂತ ಊರಲ್ಲಿ ಯಾರಿಗೂ ಹೇಳಿರ್ಲಿಲ್ಲ. ಹೇಳಿದ್ರೆ ಒಂದು, ಇವನ ಹತ್ರ ಸಿಕ್ಕಾಪಟ್ಟೆ ದುಡ್ಡಿದೆ ಅನ್ಕೋತಾರೆ, ಇನ್ನೊಂದು, ಚೆನ್ನಾಗಿ ಆಡ್ತಾನೆ ಅನ್ಕೋತಾರೆ. ಎರಡೂ ಸುಳ್ಳು. ಮಿಶಿಗನ್‌ನಲ್ಲಿ ನಮ್ಮನೆ ಹತ್ರ ಇರೋದು ಮುನಿಸಿಪಾಲ್ಟಿಯವರ ಗಾಲ್ಫ್ ಮೈದಾನ, ಟಿಕೆಟ್ ದುಡ್ಡು ಕೊಟ್ರೆ ಯಾರು ಬೇಕಾದ್ರೂ ಒಳಗೆ ಹೋಗಬಹುದು, ಹಿಮ ಕರಗಿದ ಮೇಲೆ ಶುರು, ಮತ್ತೆ ಹಿಮ ಬಿದ್ದ ಮೇಲೆ ಬಂದ್. ಅಲ್ಲಿಗೆ ನಾವು ಕನ್ನಡ ಸಂಘದ ನಾಲ್ಕು ಜನ ಶನಿವಾರ ಬೆಳಿಗ್ಗೆ ಹೋಗ್ತೀವಿ, ಹೆಂಡ್ತಿಯರ ಪ್ರಕಾರ ತಿಂಡಿ ಪಾತ್ರೆ ತೊಳೆಯೋದು ತಪ್ಪಿಸ್ಕೊಳ್ಳೋಕೆ.

ಆಟ ಬರಲ್ಲ ಅನ್ನೋದು ನನಗೆ ಯಾವತ್ತೂ ಸಮಸ್ಯೆ ಅನ್ಸಿಲ್ಲ. ಸಮಸ್ಯೆ ಇರೋದು ಸೊಂಟದ್ದು. ಇಪ್ಪತ್ತೈದು ವರ್ಷ ಕಂಪ್ಯೂಟರ್ ಮುಂದೆ ಕೂತ ಪುಣ್ಯಕ್ಕೆ ಡಾಕ್ಟ್ರು ಒಂದು ಎಂಆರ್‌ಐ ತೆಗೆಸಿ, ಬೆನ್ನುಮೂಳೆಯ ಎಲ್4 ಎಲ್5 ಮಧ್ಯೆ ಡಿಸ್ಕು ಈಚೆಗೆ ಇಣುಕ್ತಾ ಇದೆ, ಬಗ್ಗಬೇಡಿ, ಬೇಕಾದ್ರೆ ವಾಕಿಂಗ್ ಮಾಡಿ ಅಂದ್ರು. ವಾಕಿಂಗ್ ಅಂದ್ರಲ್ಲ ಅಂತ ನಾನು ಗಾಲ್ಫ್ ಮುಂದುವರಿಸಿದೆ.

ನೋಡೋರಿಗೆ ಗಾಲ್ಫ್ ಅಂದ್ರೆ ನಿಂತ್ಕೊಂಡು ಹೊಡೆಯೋ ಆಟ ಥರ ಕಾಣುತ್ತೆ. ಅಲ್ಲ ಸ್ವಾಮಿ, ಅದು ಬಗ್ಗೋ ಆಟ. ಟೀ ಅಂತ ಒಂದು ಕಡ್ಡಿ ಇರುತ್ತೆ, ಅದನ್ನ ನೆಲಕ್ಕೆ ಚುಚ್ಚೋಕೆ ಒಂದ್ಸಲ ಬಗ್ಗಬೇಕು, ಹೊಡೆದ ಮೇಲೆ ಅದನ್ನ ಕಿತ್ಕೊಳ್ಳೋಕೆ ಇನ್ನೊಂದ್ಸಲ, ಗುಂಡಿ ಸುತ್ತ ಇರೋ ನುಣುಪು ಹುಲ್ಲಿಗೆ ಗ್ರೀನ್ ಅಂತಾರೆ, ಅದರ ಮೇಲೆ ಬಾಲ್ ಹಿಂದೆ ಒಂದು ಕಾಸು ಇಟ್ಟು ಗುರುತು ಮಾಡಿ ಬಾಲ್ ಎತ್ಕೊಳ್ಳೋಕೆ ಮೂರನೇ ಸಲ, ಕೊನೆಗೆ ಗುಂಡಿಯಿಂದ ತೆಗೆಯೋಕೆ ನಾಲ್ಕನೇ ಸಲ. ಹದಿನೆಂಟು ಗುಂಡಿ, ಗುಂಡಿಗೆ ನಾಲ್ಕು, ಒಟ್ಟು 72. ನಮ್ಮ ಮೈದಾನದ ಪಾರ್, ಅಂದ್ರೆ ಚೆನ್ನಾಗಿ ಆಡೋನು ಹದಿನೆಂಟೂ ಗುಂಡಿ ಮುಗಿಸೋಕೆ ತಗೋಬೇಕಾದ ಹೊಡೆತ, ಎಷ್ಟು ಗೊತ್ತಾ, 72. ಅಂದ್ರೆ ನನ್ನ ಸ್ಕೋರು ಯಾವತ್ತೂ 110ಕ್ಕಿಂತ ಕೆಳಗೆ ಇಳಿದಿಲ್ಲ, ಆದ್ರೆ ಬಗ್ಗೋದ್ರಲ್ಲಿ ಮಾತ್ರ ಪ್ರತಿ ವಾರ ಸರಿಯಾಗಿ ಪಾರ್.

ಆ ಬಾಲಿನ ತೂಕ ಜಾಸ್ತಿ ಅಂದ್ರೆ 45.93 ಗ್ರಾಂ, ಅದಕ್ಕಿಂತ ಹೆಚ್ಚಿರಬಾರದು ಅಂತ ರೂಲ್ಸೇ ಇದೆ. ಇಷ್ಟು ಎತ್ತೋಕೆ ಎಂಬತ್ತೆರಡು ಕೆಜಿ ಮನುಷ್ಯ ಎರಡಾಗಿ ಮಡಚ್ಕೋಬೇಕು. ಗುಂಡಿ ಬೇರೆ 108 ಮಿಲಿಮೀಟರ್ ಅಗಲ, ನಾಲ್ಕು ಇಂಚಿಗೆ ಕಮ್ಮಿ ಇಲ್ಲದ ಆಳ, ಅಂದ್ರೆ ಕೈ ನೆಲ ಮುಟ್ಟಿದ್ರೆ ಸಾಲದು, ನೆಲದಿಂದ ಇನ್ನೂ ಕೆಳಗೆ ಇಳೀಬೇಕು. ಈ ಆಟ ಕಂಡುಹಿಡಿದೋರಿಗೆ ಸೊಂಟ ಗಟ್ಟಿ ಇತ್ತು ಅನ್ಸುತ್ತೆ.

ಕೊರೊನಾ ಬಂತಲ್ಲ, ಪ್ರಪಂಚಕ್ಕೆಲ್ಲ ಕಷ್ಟ, ನನ್ನ ಸೊಂಟಕ್ಕೆ ಮಾತ್ರ ಸುವರ್ಣ ಕಾಲ. 2020ರಲ್ಲಿ ಗುಂಡೀಲಿ ನಿಲ್ಲಿಸಿರೋ ಬಾವುಟದ ಕಂಬ ಯಾರೂ ಮುಟ್ಟಬಾರದು ಅಂತ ಕಂಬಕ್ಕೇ ಒಂದು ಕೊಕ್ಕೆ ಹಾಕಿದ್ರು, ಬ್ಯಾಟಲ್ಲಿ (ಅದನ್ನ ಪಟ್ಟರ್ ಅನ್ನಬೇಕು, ನಾನು ಬ್ಯಾಟ್ ಅಂತೀನಿ ಅಂತ ಮಗಳಿಗೆ ನಾಚಿಕೆ) ಆ ಕೊಕ್ಕೆ ಮೇಲಕ್ಕೆ ಎತ್ತಿದ್ರೆ ಬಾಲ್ ತಾನಾಗೇ ಗುಂಡಿಯಿಂದ ಚಿಮ್ಮಿ ಹೊರಗೆ ಬರೋದು. ಕೊರೊನಾ ಹೋಯ್ತು, ಕೊಕ್ಕೆನೂ ಹೋಯ್ತು, ನನಗೆ ಮಾತ್ರ ಅಭ್ಯಾಸ ತಪ್ಪಿ ಹೋಗಿತ್ತು.

ಆಮೇಲೆ ಒಂದಿನ ಆಗಬಾರದ್ದು ಆಯ್ತು. ಏಳನೇ ಗುಂಡಿಯಲ್ಲಿ, ನನ್ನ ಜೀವಮಾನದ ಎರಡನೇ ಬರ್ಡಿ (ಆ ಗುಂಡಿಯ ಪಾರ್‌ಗಿಂತ ಒಂದು ಹೊಡೆತ ಕಮ್ಮೀಲಿ ಮುಗಿಸೋದು) ಹೊಡೆದು, ಸಿನಿಮಾ ಹೀರೋ ಥರ ನಡ್ಕೊಂಡು ಹೋಗಿ, ಬಗ್ಗಿ, ಬಾಲಿಗೆ ಕೈ ಹಾಕಿದೆ ನೋಡಿ, ಬೆನ್ನಲ್ಲಿ ಯಾರೋ ಒಣಗಿದ ಸೌದೆ ಮುರಿದ ಹಾಗಾಯ್ತು. ಏಳಕ್ಕಾಗ್ತಿಲ್ಲ, ಕೂರಕ್ಕಾಗ್ತಿಲ್ಲ. ಮಂಡ್ಯದ ಗೆಳೆಯ ಹಿಂದಿಂದ, "ಸಾಕ್ ಬುಡ್ಲಾ, ಒಂದ್ ಬರ್ಡಿಗೆ ಎಷ್ಟೊತ್ತು ಅಡ್ಡಬಿದ್ದೀಯ" ಅಂದ. ಹಿಂದೆ ಕಾಯ್ತಿದ್ದ ಗುಂಪಿನೋರು ಇವನದ್ದು ಯಾವುದೋ ಧಾರ್ಮಿಕ ಆಚರಣೆ ಅನ್ಕೊಂಡು ಟೋಪಿ ತೆಗೆದು ಮರ್ಯಾದೆಯಾಗಿ ನಿಂತಿದ್ರಂತೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ನನಗೆ ಗುದ್ದೋಕೆ ಬೇರೆ ಯಾರೂ ಬೇಕಾಗ್ಲಿಲ್ಲ. ಮೂರು ಜನ ಸೇರಿ ನನ್ನನ್ನ ಎಲ್ ಆಕಾರದಲ್ಲೇ ಎತ್ತಿ ಗಾಲ್ಫ್ ಗಾಡೀಲಿ ಇಟ್ರು.

ಆ ರಾತ್ರಿನೇ ಮಂಚದ ಮೇಲೆ ಬೋರಲು ಮಲ್ಕೊಂಡು ಫೋನಲ್ಲಿ ಹುಡುಕಿದೆ, ಬಗ್ಗದೆ ಬಾಲ್ ಎತ್ತೋ ಸಾಮಾನು ಏನಾದ್ರೂ ಇದೆಯಾ ಅಂತ. ಇದೆಯಾ ಅಂದ್ರೆ! ಪ್ರಪಂಚದಲ್ಲಿ ಬಗ್ಗಲಾರದೋರು ನಾನೊಬ್ಬನೇ ಅಲ್ಲ ಅಂತ ಗೊತ್ತಾಗಿ ಅರ್ಧ ನೋವು ಅಲ್ಲೇ ಹೋಯ್ತು.

ಮೊದಲನೇದು, ರಬ್ಬರ್ ಬಟ್ಟಲು. ಪಟ್ಟರ್ ಹಿಡಿಯ ತುದಿಗೆ ಸಿಕ್ಕಿಸ್ಕೊಂಡು, ಪಟ್ಟರ್ ತಲೆಕೆಳಗು ಮಾಡಿ ಬಾಲ್ ಮೇಲೆ ಒತ್ತಿದ್ರೆ ಪಚಕ್ ಅಂತ ಕಚ್ಕೊಳ್ಳುತ್ತೆ. ಹತ್ತು ಡಾಲರ್ ಒಳಗೆ ಸಿಕ್ತು. ಮನೇಲಿ ಕಾರ್ಪೆಟ್ ಮೇಲೆ ಇಪ್ಪತ್ತು ಸಲ ಎತ್ತಿ ನೋಡಿದೆ, ಅದ್ಭುತ. ಮೈದಾನದಲ್ಲಿ ಮೊದಲನೇ ಗುಂಡಿಗೇ ಎಲ್ಲರನ್ನೂ ಕರೆದು ನೋಡ್ರೋ ಅಂತ ಒತ್ತಿ ಎತ್ತಿದೆ, ಪಟ್ಟರ್ ಮಾತ್ರ ಮೇಲೆ ಬಂತು. ರಬ್ಬರ್ ಬಟ್ಟಲು ಹಿಡಿಯಿಂದ ಕಳಚಿ ಬಾಲನ್ನ ತಬ್ಕೊಂಡು ಗುಂಡಿ ಒಳಗೇ ಕೂತಿತ್ತು, ಈಗ ಬಗ್ಗಿ ತೆಗೀಬೇಕಾಗಿರೋದು ಒಂದಲ್ಲ, ಎರಡು. ಮಾರನೇ ವಾರ ಗಮ್ ಹಾಕಿ ಅಂಟಿಸ್ಕೊಂಡು ಹೋದೆ, ಆಗ ಇನ್ನೊಂದು ಗೊತ್ತಾಯ್ತು, ಪಟ್ ಮಾಡೋವಾಗ ಆ ತುದಿ ಸರಿಯಾಗಿ ನನ್ನ ಹೊಟ್ಟೆಗೆ ಬರುತ್ತೆ. ಹೊಟ್ಟೆ ಸ್ವಲ್ಪ ಮುಂದಿದೆ, ಒಪ್ಕೋತೀನಿ. ಬೆವರಿಗೆ ಒದ್ದೆಯಾದ ಟೀ ಶರ್ಟನ್ನ ಆ ಬಟ್ಟಲು ಬಾಲ್ ಅನ್ಕೊಂಡು ಕಚ್ಕೊಳ್ಳೋದು, ನಾನು ಹೊಡೆಯೋದಕ್ಕೂ ಶರ್ಟು ಮೇಲಕ್ಕೆ ಹೋಗೋದಕ್ಕೂ ಸರಿಹೋಗೋದು.

ಎರಡನೇದು ನೀರಲ್ಲಿ ಬಿದ್ದ ಬಾಲ್ ತೆಗೆಯೋ ಉದ್ದ ಕೋಲು. ರೇಡಿಯೋ ಏರಿಯಲ್ ಥರ ಎಳೆದಷ್ಟೂ ಹದಿನೈದು ಅಡಿ ಬರುತ್ತೆ, ತುದೀಲಿ ಒಂದು ಸೌಟು. ನೋಡಿದ ತಕ್ಷಣ ನನಗೆ ನೆನಪಾಗಿದ್ದು ಊರಲ್ಲಿ ಮರದಿಂದ ಕಾಯಿ ಕೀಳೋ ದೋಟಿ. ಮನೇಲಿ ಅದಕ್ಕೆ ದೋಟಿ ಅಂತಾನೇ ಹೆಸರಾಯ್ತು, ಮಗಳು ಅವಳ ಅಮೆರಿಕನ್ ಫ್ರೆಂಡ್ಸಿಗೂ ಡ್ಯಾಡ್ಸ್ ದೋಟಿ ಅಂತಾನೇ ಹೇಳ್ತಾಳೆ. ಈ ದೋಟಿ ಕೆಲಸ ಮಾಡ್ತು, ತಪ್ಪು ಹೇಳಬಾರದು, ಆದ್ರೆ ನನ್ನ ಬುದ್ಧಿ ಕೆಟ್ಟಿತು. ಕಳೆದುಹೋದ ಬಾಲ್ ಹುಡುಕೋಕೆ ಮೊದಲು ಐದು ನಿಮಿಷ ಇತ್ತು, 2019ರಿಂದ ಮೂರೇ ನಿಮಿಷ. ನಾನು ಕೆರೆ ಪಕ್ಕ ನಿಂತ್ರೆ ಕಾಲು ಗಂಟೆ. ಯಾಕಂದ್ರೆ ನನ್ನ ಬಾಲ್ ಪಕ್ಕದಲ್ಲಿ ಬೇರೆಯವರ ಎಂಟು ಬಾಲ್ ಕಾಣ್ತಿರುತ್ತಲ್ಲ, ಅಡಿಕೆ ತೋಟದಲ್ಲಿ ಬೆಳೆದವನಿಗೆ ಬಿದ್ದಿರೋದನ್ನ ಬಿಟ್ಟು ಬರೋಕೆ ಮನಸ್ಸು ಹೇಗೆ ಬರುತ್ತೆ. ಹಾಗೆ ಹನ್ನೊಂದನೇ ಬಾಲಿಗೆ ಕೋಲು ಚಾಚಿದ್ದಾಗ, ಅದು ಕೆನಡಾ ಹೆಬ್ಬಾತುಗಳ ಗೂಡಿನ ಹತ್ರ ಹೋಯ್ತು ಅಂತ ಕಾಣುತ್ತೆ, ಒಂದು ಗಂಡು ರೆಕ್ಕೆ ಬಿಚ್ಕೊಂಡು ಬುಸ್ ಅಂತ ಬಂತು. ಡಾಕ್ಟ್ರು ಓಡಬೇಡಿ ಅಂತ ಹೇಳಿರ್ಲಿಲ್ಲ ಸದ್ಯ.

ಈ ಮಧ್ಯೆ ಒಂದು ಸಮಾಧಾನದ ವಿಷ್ಯ ತಿಳೀತು. 1971ರ ಫೆಬ್ರವರಿಯಲ್ಲಿ ಅಪೋಲೊ 14ರಲ್ಲಿ ಹೋದ ಅಲನ್ ಶೆಪರ್ಡ್ ಚಂದ್ರನ ಮೇಲೆ ಗಾಲ್ಫ್ ಹೊಡೆದಿದ್ದು ಎಲ್ಲರಿಗೂ ಗೊತ್ತಲ್ಲ, ಆದ್ರೆ ಹೊಡೆದಿದ್ದು ಯಾವುದರಲ್ಲಿ ಅಂತ ನೋಡಿದ್ರೆ, ಮಣ್ಣಿನ ಸ್ಯಾಂಪಲ್ ಎತ್ತೋಕೆ ಅಂತ ಕೊಟ್ಟಿದ್ದ ಉದ್ದ ಹಿಡಿಗೆ ಆರನೇ ನಂಬರ್ ಗಾಲ್ಫ್ ಕೋಲಿನ ತಲೆ ಸಿಕ್ಕಿಸಿ ಹೊಡೆದಿದ್ದಂತೆ. ಆ ಸೂಟ್ ಹಾಕ್ಕೊಂಡ್ರೆ ಬಗ್ಗಕ್ಕಾಗಲ್ಲ, ಅದಕ್ಕೇ ಅಷ್ಟುದ್ದದ ಹಿಡಿ, ಹೊಡೆದಿದ್ದೂ ಒಂದೇ ಕೈಯಲ್ಲಿ. ಎರಡು ಬಾಲ್ ಹೊಡೆದ, ಎರಡನೇದು ಮೈಲಿ ಮೈಲಿ ದೂರ ಹೋಯ್ತು ಅಂದ, ಐವತ್ತು ವರ್ಷ ಆದ್ಮೇಲೆ ಫೋಟೋ ನೋಡಿ ಅಳೆದ್ರೆ ಬರೀ ನಲವತ್ತು ಗಜ. ದೂರದ ವಿಷ್ಯದಲ್ಲಿ ಗಾಲ್ಫ್ ಆಡೋರು ಚಂದ್ರನ ಮೇಲೂ ಸುಳ್ಳು ಹೇಳ್ತಾರೆ ಅಂತ ನನ್ನ ಹೆಂಡ್ತಿ ಅಂದ್ಲು. ನನಗೆ ಮುಖ್ಯ ಆಗಿದ್ದು ಬೇರೆ, ಆ ಎರಡು ಬಾಲನ್ನೂ ಅವನು ಎತ್ಕೊಂಡು ಬರ್ಲಿಲ್ಲ, ಇವತ್ತಿಗೂ ಅಲ್ಲೇ ಬಿದ್ದಿವೆ. ಬಗ್ಗಕ್ಕಾಗದೆ ಬಾಲ್ ಬಿಟ್ಟು ಬಂದವರ ಸಾಲಲ್ಲಿ ಮೊದಲಿಗ ನಾನಲ್ಲ.

ಮೂರನೇದೇ ಕೊಳವೆ. ಒಂದು ಮೀಟರಿಗೆ ಸ್ವಲ್ಪ ಕಮ್ಮಿ ಉದ್ದದ ಅಲ್ಯುಮಿನಿಯಂ ಪೈಪು, ಬಾಯಿ ಹತ್ರ ಒಳಗಡೆ ಒಂದು ತಡೆ. ಬಿದ್ದ ಬಾಲ್ ಮೇಲೆ ಇಟ್ಟು ಒತ್ತಿದ್ರೆ ಟಪ್ ಅಂತ ಒಳಗೆ ಹೋಗುತ್ತೆ, ವಾಪಸ್ ಬೀಳಲ್ಲ, ಇನ್ನೊಂದರ ಮೇಲೆ ಇಟ್ರೆ ಅದು ಇದನ್ನ ಮೇಲಕ್ಕೆ ತಳ್ಳುತ್ತೆ, ಹೀಗೆ ಇಪ್ಪತ್ತು ಹಿಡಿಯುತ್ತೆ, ಆಮೇಲೆ ತಲೆಕೆಳಗು ಮಾಡಿ ಸುರಿಯೋದು. ಹಿತ್ತಲಲ್ಲಿ ಪ್ರಾಕ್ಟೀಸ್ ಮಾಡೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ಟಪ್, ಟಪ್, ಟಪ್. ಆ ಸದ್ದಿಗೋಸ್ಕರ ನಾನು ಬೇಕಂತಲೇ ಬಾಲ್ ಚೆಲ್ಲಿ ಹೆಕ್ತಿದ್ದೆ.

ಹೆಕ್ತಾ ಹೆಕ್ತಾನೇ ತಲೇಲಿ ಹೊಳೆದಿದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ, ನಾನು ಗಿಡವಾಗಿದ್ದಾಗ ಬಗ್ಗಿದಷ್ಟು ಯಾರೂ ಬಗ್ಗಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನಮ್ಮ ತೋಟದಲ್ಲಿ ರಜಾ ಬಂದ್ರೆ ಬೆಳಿಗ್ಗೆ ಎದ್ದು ಉದುರಡಿಕೆ ಹೆಕ್ಕೋದು, ನೂರಕ್ಕೆ ಹತ್ತು ಪೈಸೆ, ಬಾವಲಿ ಚೀಪಿ ಬಿಸಾಕಿದ್ದೂ ಲೆಕ್ಕಕ್ಕೆ ಬರೋದು. ಗಾಲ್ಫ್ ಬಾಲ್ 42.67 ಮಿಲಿಮೀಟರ್‌ಗಿಂತ ಚಿಕ್ಕದಿರಬಾರದು, ಹಣ್ಣಡಿಕೆನೂ ಹೆಚ್ಚುಕಮ್ಮಿ ಅಷ್ಟೇ ದಪ್ಪ. ಈಗ ಮೇಲಿಂದ ಕೊಯ್ಯೋಕೆ ಔಷಧಿ ಹೊಡೆಯೋಕೆ ಕಾರ್ಬನ್ ಫೈಬರ್ ದೋಟಿ ಬಂದಿದೆ, 60 ಅಡಿ ಮರಕ್ಕೂ ಹತ್ತಬೇಕಾಗಿಲ್ಲ, ಕೆಳಗೆ ಬಿದ್ದಿದ್ದಕ್ಕೂ ಏನಾದ್ರೂ ಬೇಡ್ವಾ? ನಾನು ಮಾಡ್ತೀನಿ ಅಂತ ಡಿಸೆಂಬರ್‌ನಲ್ಲಿ ಊರಿಗೆ ಹೊರಟಾಗ ಕೊಳವೆನ ಸೂಟ್‌ಕೇಸಿಗೆ ಓರೆಯಾಗಿ ಹಾಕ್ಕೊಂಡೆ. ಬೆಂಗಳೂರಲ್ಲಿ ಬ್ಯಾಗ್ ಬಿಚ್ಚಿಸಿ ಏನ್ ಸಾರ್ ಇದು ಅಂದ್ರು. ಅಡಿಕೆ ಹೆಕ್ಕೋ ಗಾಲ್ಫ್ ಕೊಳವೆ ಅಂದೆ. ಅವರು ಇನ್ನೊಬ್ಬರನ್ನ ಕರೆದ್ರು.

ಬೆಂಗಳೂರಲ್ಲಿ ಎರಡು ದಿನ ಇದ್ದಾಗ ಒಬ್ಬ ಗೆಳೆಯ ಗೆಸ್ಟ್ ಅಂತ ಆಟಕ್ಕೂ ಕರ್ಕೊಂಡು ಹೋದ. ಬೆಂಗಳೂರಿಗೆ ಈ ಆಟ ಹೊಸದಲ್ಲ, ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದೇ 1876ರಲ್ಲಿ. ಅಲ್ಲಿ ನನ್ನ ಸಾಮಾನೆಲ್ಲ ಯಾಕೆ ಯಾರ ಹತ್ರಾನೂ ಇಲ್ಲ ಅಂತ ಎರಡನೇ ಗುಂಡೀಲಿ ಗೊತ್ತಾಯ್ತು. ಬ್ಯಾಗ್ ಹೊತ್ಕೊಂಡು ಜೊತೆಗೆ ಬರೋ ಕ್ಯಾಡಿ ಇರ್ತಾರೆ. ನಾನು ಪಟ್ಟರ್ ತಲೆಕೆಳಗು ಮಾಡೋದ್ರೊಳಗೆ ಆ ಹುಡುಗ ಬಗ್ಗಿ, ತೆಗೆದು, ಒರೆಸಿ, ಕೈಗೆ ಕೊಟ್ಟಾಗಿತ್ತು. ಅಮೆರಿಕಾದಲ್ಲಿ ರಬ್ಬರು ಪೈಪು ಮಾಡಿ ಮಾರ್ತಾರೆ, ಇಲ್ಲಿ ಇನ್ನೊಬ್ಬರ ಸೊಂಟ ಇದೆ. ನನಗೆ ಒಂಥರಾ ಆಯ್ತು, ಆದ್ರೂ ಹದಿನೆಂಟು ಗುಂಡೀಲೂ ಬಾಲ್ ಇಸ್ಕೊಂಡೆ ಅನ್ನೋದನ್ನೂ ಬರೀಬೇಕು.

ಊರಿಗೆ ಹೋದ ಮಾರನೇ ದಿನವೇ ತೋಟದಲ್ಲಿ ಪ್ರದರ್ಶನ. ಅಪ್ಪಯ್ಯ ಬಂದು ಕಾಲುವೆ ಏರಿ ಮೇಲೆ ನಿಂತ್ರು, "ಎಂತದು ಮಾರಾಯ ಇದು, ಊದೋದಾ?" ತೋಟದ ಕೆಲಸಕ್ಕೆ ಬರೋ ಅಕ್ಕ ಹೆಡಿಗೆ ಕೆಳಗಿಟ್ಟು ನೋಡ್ತಾ ನಿಂತ್ಲು. ಮೊದಲನೇದು ಟಪ್. ಎರಡನೇದು ಟಪ್. ಅಪ್ಪಯ್ಯನ ಹುಬ್ಬು ಮೇಲೆ ಹೋಯ್ತು. ಮೂರನೇದು ಅಡ್ಡ ಮಲಗಿತ್ತು. ಗಾಲ್ಫ್ ಬಾಲ್ ಹೇಗೆ ಬಿದ್ರೂ ಗುಂಡಗೆ, ಅಡಿಕೆ ಹಾಗಲ್ಲ ಅಲ್ವಾ, ಉದ್ದಕ್ಕೆ ಒಂದಳತೆ, ಅಡ್ಡಕ್ಕೆ ಒಂದಳತೆ, ಇದು ಚಿಕ್ಕಂದಲ್ಲಿ ಅಷ್ಟು ಹೆಕ್ಕಿದವನಿಗೆ ಗೊತ್ತಿರಬೇಕಿತ್ತು. ಒತ್ತಿದೆ, ಮಣ್ಣಿಗೆ ಹೋಯ್ತು. ಇನ್ನೂ ಒತ್ತಿದೆ, ಮಣ್ಣು, ದರಕು, ಒಂದು ಕಲ್ಲು ಸಮೇತ ಒಳಗೆ ಹೋಗಿ ಸಿಕ್ಕಾಕ್ಕೊಳ್ತು. ನಾನು ಬಡೀತಾ ಇದ್ದೆ, ಆ ಅಕ್ಕ ಅಷ್ಟರಲ್ಲಿ ನನ್ನ ಸುತ್ತ ಇದ್ದಿದ್ದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಅರ್ಧ ಹೆಡಿಗೆ ತುಂಬಿಸಿ, "ಒಡೇರೆ, ಸ್ವಲ್ಪ ಕಾಲು ಎತ್ತಿ, ಅಡಿಗೊಂದು ಇದೆ" ಅಂದ್ಲು.

ಕೊಳವೆಯಿಂದ ಆ ಅಡಿಕೆ ತೆಗೆಯೋಕೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಬ್ಬಿಣದ ಸರಳು ತೂರಿಸಿ, ಕಲ್ಲಿಗೆ ಕುಟ್ಟಿ, ಏಳೋಕೆ ಹೋದಾಗ ಮತ್ತೆ ಅದೇ ಸೌದೆ ಮುರಿದ ಸದ್ದು. ರಜೆಯ ಉಳಿದ ಒಂಬತ್ತು ದಿನ ಜಗಲಿ ಮೇಲೆ ಎಣ್ಣೆ ಹಚ್ಕೊಂಡು ಬೋರಲು ಬಿದ್ದಿದ್ದೆ. ಬಂದ ನೆಂಟರಿಗೆಲ್ಲ ಅಮ್ಮ, ಅಮೆರಿಕಾದಲ್ಲಿ ಅದೆಂತದೋ ಆಟ ಆಡಿ ಹೀಗಾಗಿದ್ದು ಅಂತ ಹೇಳಿದ್ರು, ಹಂಗಾಗಿ ಊರಿಗೆಲ್ಲ ಗೊತ್ತಾಯ್ತು.

ಜಗಲಿಯಿಂದಲೇ ಒಂದಿನ ನೋಡ್ದೆ, ಮಂಗಗಳ ಹಿಂಡು ಬಂದು ಬಾಳೆಗೊನೆಗೆ ಕೈ ಹಾಕಿತ್ತು. ಅಪ್ಪಯ್ಯಂಗೆ ಕೈಗೆ ಸಿಕ್ಕಿದ್ದು ಗೋಡೆಗೆ ಒರಗಿಸಿದ್ದ ಕೊಳವೆ, ಓಡಿಸೋಕೆ ಅಂತ ಎತ್ತಿ ಹಿಡಿದ್ರು ಅಷ್ಟೇ. ಬಿಸಿಲಿಗೆ ಪಳಕ್ ಅಂತು ನೋಡಿ, ಕೋವಿ ಅನ್ಕೊಂಡ್ವೋ ಏನೋ, ಹದಿನೈದು ಮಂಗ ಒಂದೇ ಉಸಿರಿಗೆ ಗುಡ್ಡ ಹತ್ತಿದ್ವು.

ಮೊನ್ನೆ ಫೋನಲ್ಲಿ ಸೊಂಟ ಹೇಗಿದೆ ಅಂತ ಕೇಳ್ಲಿಲ್ಲ ಅಪ್ಪಯ್ಯ. ಪಕ್ಕದ ಮನೆಯವರಿಗೂ ಒಂದು ಬೇಕಂತೆ, ಮುಂದಿನ ಸಲ ಬರೋವಾಗ ಎರಡು ತಾ, ಸಾಧ್ಯ ಆದ್ರೆ ಕಪ್ಪು ಬಣ್ಣದ್ದು ಅಂದ್ರು.