ಒಂದೂಮುಕ್ಕಾಲು ಎಕರೆ ಭಾರತ

ಗೇಣುದ್ದ ಬದುವಿಗಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟು ಅಲೆಯುತ್ತಾರೆಂದು ನಗುವವರು ದಹಲಾ ಖಗ್ರಾಬರಿಯ ಕಥೆ ಕೇಳಬೇಕು. ಉತ್ತರ ಬಾಂಗ್ಲಾದೇಶದಲ್ಲಿ ಸುಮಾರು ಒಂದೂಮುಕ್ಕಾಲು ಎಕರೆಯ ಸೆಣಬಿನ ಹೊಲವದು. ಆದರೆ 2015ರವರೆಗೆ ಭಾರತದ್ದು! ಅದರ ಸುತ್ತ ಬಾಂಗ್ಲಾದ ಊರು, ಆ ಊರಿನ ಸುತ್ತ ಮತ್ತೆ ಭಾರತ, ಅದರಾಚೆ ಬಾಂಗ್ಲಾದೇಶ. ಹೊಲದೊಡೆಯ ಬಾಂಗ್ಲಾದವನು. ಕಳೆ ಕೀಳಲು ಬೆಳಿಗ್ಗೆ ವಿದೇಶ, ಊಟದ ಹೊತ್ತಿಗೆ ಸ್ವದೇಶ. ನಮ್ಮಲ್ಲಿ ಇಷ್ಟೊಂದು ವಿದೇಶ ಪ್ರವಾಸ ಮಾಡುವವರು ಮಂತ್ರಿಗಳು ಮಾತ್ರ.

ಇಂಥ ತುಂಡುನೆಲಗಳಿಗೆ ಅಲ್ಲಿಯವರು ಛಿಟ್‌ಮಹಲ್ ಎನ್ನುತ್ತಾರೆ. ಬಾಂಗ್ಲಾದೊಳಗೆ ಭಾರತದ್ದು 111, ಭಾರತದೊಳಗೆ ಬಾಂಗ್ಲಾದ್ದು 51 ಇದ್ದವು. ಕೂಚ್‌ಬಿಹಾರದ ರಾಜನೂ ರಂಗ್‌ಪುರವನ್ನು ಆಳುತ್ತಿದ್ದ ಮೊಘಲರ ಫೌಜುದಾರನೂ ಚದುರಂಗದಲ್ಲಿ ಹಳ್ಳಿಗಳನ್ನೇ ಪಣಕ್ಕಿಟ್ಟದ್ದರಿಂದ ಹೀಗಾಯಿತೆಂಬುದು ದಂತಕಥೆ. ಧರ್ಮರಾಯನ ದೇಶದವರು ನಂಬದೆ ಇರುವುದು ಹೇಗೆ?

ಆಟ ಆಡಿದವರು ಹೋದರು, ಕಾಯಿಗಳು ಉಳಿದವು. ಅಲ್ಲಿಯ ಭಾರತೀಯನು ಭಾರತಕ್ಕೆ ಬರಬೇಕೆಂದರೆ ವೀಸಾ ಬೇಕಿತ್ತು. ವೀಸಾ ಕೊಡುವ ಕಚೇರಿ ಬಾಂಗ್ಲಾದ ಪಟ್ಟಣದಲ್ಲಿ. ಅಲ್ಲಿಗೆ ಹೋಗಲು ಬಾಂಗ್ಲಾದ ವೀಸಾ ಬೇಕಿತ್ತು. ಅದು ಸಿಗುತ್ತಿದ್ದದ್ದು ಭಾರತದಲ್ಲಿ! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹಾಗಾಗಿ ಉಪ್ಪು ತರಲು ಸಂತೆಗೆ ಹೊರಟವನೂ ಕಾನೂನಿನ ಕಣ್ಣಲ್ಲಿ ನುಸುಳುಕೋರ. ಕರೆಂಟಿರಲಿಲ್ಲ, ಪೊಲೀಸರಿರಲಿಲ್ಲ, ಶಾಲೆಯಿರಲಿಲ್ಲ. ಸಾರ್ವಭೌಮತ್ವ ಮಾತ್ರ ಭರ್ತಿ.

ಸರ್ಕಾರಗಳು ಸುಮ್ಮನಿದ್ದವೆಂದಲ್ಲ. ಬಾಂಗ್ಲಾ ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ, ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಈ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳಲು 1958ರಲ್ಲೇ ಒಪ್ಪಿದರು. 1974ರಲ್ಲಿ ಇಂದಿರಾ ಗಾಂಧಿ, ಬಾಂಗ್ಲಾದ ಪ್ರಧಾನಿ ಶೇಖ್ ಮುಜೀಬ್ ಒಪ್ಪಂದಕ್ಕೆ ಸಹಿ ಹಾಕಿದರು. ಬಾಂಗ್ಲಾ ಅದೇ ವರ್ಷ ಅಂಗೀಕರಿಸಿತು. ನಾವು ಕಡತವನ್ನು 41 ವರ್ಷ ಕಾವಿಗೆ ಕೂರಿಸಿ, 2015ರಲ್ಲಿ ಸಂವಿಧಾನದ 100ನೇ ತಿದ್ದುಪಡಿಯ ಮರಿ ಮಾಡಿದೆವು. ನಡುವೆ ಬಾಂಗ್ಲಾದ ಒಂದು ಛಿಟ್‌ಗೆ ಹೋಗಿಬರಲು ತೀನ್‌ಬಿಘಾ ಎಂಬ 178 ಮೀಟರ್ ದಾರಿಯನ್ನು ಬಾಂಗ್ಲಾದವರಿಗೆ ಬಿಟ್ಟುಕೊಡಲು 1992 ಬಂತು, ಅದೂ ಹಗಲಲ್ಲಿ ಮಾತ್ರ. ರಾತ್ರಿಯೂ ಜನ ನಡೆಯುತ್ತಾರೆಂಬುದು ಭದ್ರತಾ ತಜ್ಞರಿಗೆ ಹೊಳೆದದ್ದು 2011ರಲ್ಲಿ.

2015ರ ಜುಲೈ 31ರ ನಡುರಾತ್ರಿ ಛಿಟ್‌ಗಳು ಅದಲುಬದಲಾದವು. ಸೆಣಬಿನ ಹೊಲವೂ ಬಾಂಗ್ಲಾಕ್ಕೆ ಸೇರಿತು. ಭಾರತ ಹತ್ತಿರ ಹತ್ತಿರ ಹತ್ತು ಸಾವಿರ ಎಕರೆ ಹೆಚ್ಚಾಗಿಯೇ ಕೊಟ್ಟಿತು, ಭೂಮಿ ಬಾಯಿ ಬಿಡಲಿಲ್ಲ.

ಆದರೆ ಗಡಿಗೆ ಭಾರತ ಹಾಕಿದ ಬೇಲಿಯ ಕಥೆ ಮುಗಿದಿಲ್ಲ. ಗಡಿರೇಖೆಯಿಂದ 150 ಗಜದೊಳಗೆ ರಕ್ಷಣಾ ಕಟ್ಟಡ ಕೂಡದೆಂಬ 1975ರ ಒಪ್ಪಂದಕ್ಕೆ ಬೇಲಿಯನ್ನೇ ಎಷ್ಟೋ ಕಡೆ ಹಿಂದಕ್ಕೆ ಸರಿಸಿ ಹಾಕಿದ್ದೇವೆ. ನಮ್ಮದೇ ಮನೆ, ಹೊಲಗಳು ಬೇಲಿಯ ಆಚೆಗೆ. ರೈತ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಸ್ವದೇಶದಿಂದ ಸ್ವದೇಶಕ್ಕೆ ಹೋಗುತ್ತಾನೆ, ಗೇಟು ತೆರೆದಿರುವ ಹೊತ್ತಿನಲ್ಲಿ ಮಾತ್ರ. ಸೊಸೆಗೆ ಹೆರಿಗೆ ನೋವೂ ಅದೇ ಹೊತ್ತಿಗೆ ಬಂದರೆ ಒಳ್ಳೆಯದು.