ನಾಲ್ಕು ಗಂಟೆ ಕಾಯೋಕೆ ಏನು ಕಷ್ಟ ನಿಮಗೆ?

ಇವತ್ತು ಮತ್ತೊಂದು ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಸ್ಕ್ಯಾನ್ (ತಿಂದದ್ದು ಜಠರದಿಂದ ಎಷ್ಟು ಬೇಗ ಖಾಲಿಯಾಗುತ್ತೆ ಅಂತ ನೋಡುವ ಪರೀಕ್ಷೆ) ರಿಪೋರ್ಟ್ ನೋಡಿದೆ. ರೋಗಿಗೆ ಹಳೇ ಸಕ್ಕರೆ ಕಾಯಿಲೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತೆ, ಬೆಳಿಗ್ಗೆ ತಿಂದದ್ದು ಸಂಜೆ ವಾಂತಿಯಲ್ಲಿ ಬರುತ್ತೆ. ಕೊನೆಯ ಚಿತ್ರ ತೆಗೆದದ್ದು 90 ನಿಮಿಷಕ್ಕೆ. ಅದರ ಕೆಳಗೆ ಠೀವಿಯಿಂದ ‘ನಾರ್ಮಲ್’. ನನ್ನ ಈ ರಾಗ ಕೇಳಿ ಸಾಕಾದವರು ಮುಂದಿನ ಪೋಸ್ಟ್‌ಗೆ ಹೋಗಬಹುದು, ಬೇಜಾರಿಲ್ಲ.

ಗಟ್ಟಿ ಊಟ ಹೊಟ್ಟೆಗೆ ಬಿದ್ದ ಕೂಡಲೇ ಮುಂದಕ್ಕೆ ಹೊರಡಲ್ಲ. ಜಠರದ ಮೇಲ್ಭಾಗ ಸಡಿಲಗೊಂಡು ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಕೆಳಭಾಗ ನಿಮಿಷಕ್ಕೆ ಸುಮಾರು 3 ಸಲ ಹಿಂಡಿ, ಒಂದೆರಡು ಮಿಲಿಮೀಟರ್ ಚೂರಾಗುವವರೆಗೆ ಅರೆಯುತ್ತೆ. ಆಮೇಲಷ್ಟೇ ಕರುಳಿನ ದಾರಿ. ಊಟವಾಗಿ 2 ಗಂಟೆಗೆ ಸರಿಯಾಗಿಯೇ ಕಂಡು, 4 ಗಂಟೆಗೆ ನೋಡಿದರೆ ತಡ ಅಂತ ಗೊತ್ತಾಗುವವರು ಎಷ್ಟೋ ಮಂದಿ. 90 ನಿಮಿಷಕ್ಕೆ ಅಂಗಡಿ ಮುಚ್ಚಿ, ಉಳಿದ ಗೆರೆಯನ್ನು ಕಂಪ್ಯೂಟರ್ ಕೈಲಿ ಎಳೆಸೋದು ಪರೀಕ್ಷೆ ಅಲ್ಲ, ಜ್ಯೋತಿಷ್ಯ.

ನಿಯಮವೇನೂ ಗುಟ್ಟಲ್ಲ. ಅಮೆರಿಕದ ಮೋಟಿಲಿಟಿ (ಜಠರ, ಕರುಳಿನ ಚಲನೆ) ತಜ್ಞರೂ ನ್ಯೂಕ್ಲಿಯರ್ ಮೆಡಿಸಿನ್‌ನವರೂ ಕೂತು 2008ರಲ್ಲೇ ಬರೆದಿಟ್ಟಿದ್ದಾರೆ: ಪರೀಕ್ಷೆಯ ಊಟ ಅಂದರೆ 120 ಗ್ರಾಂ ಮೊಟ್ಟೆಯ ಬಿಳಿ, 2 ಸ್ಲೈಸ್ ಬ್ರೆಡ್, 30 ಗ್ರಾಂ ಜಾಮ್, 120 ಮಿಲಿ ನೀರು. 10 ನಿಮಿಷದೊಳಗೆ ತಿಂದು ಮುಗಿಸಬೇಕು. ತಿಂದ ಕೂಡಲೇ ಒಂದು ಚಿತ್ರ, ಆಮೇಲೆ 1, 2, 4 ಗಂಟೆಗೆ. 4 ಗಂಟೆಗೆ ಶೇ 10ಕ್ಕಿಂತ ಹೆಚ್ಚು ಉಳಿದಿದ್ದರೆ ತಡ.

ಕೆಡೋದು ಮಾತ್ರ ಸಣ್ಣ ಸಣ್ಣ ಕಡೆ. ಊಟ ಕ್ಯಾಮೆರಾಗೆ ಕಾಣಲೆಂದು ಹಾಕುವ ವಿಕಿರಣಶೀಲ ಟೆಕ್ನೀಷಿಯಂ ಅನ್ನು ಹಸಿ ಮೊಟ್ಟೆಗೇ ಕಲಸಿ ಬೇಯಿಸಬೇಕು. ಬೆಂದ ಮೇಲೆ ಚಿಮುಕಿಸಿದರೆ ಅದು ಬಿಟ್ಟುಕೊಂಡು ನೀರಿನ ಜೊತೆ ಜಾರಿಹೋಗುತ್ತೆ. ಊಟ ಒಳಗೇ ಕೂತಿದ್ದರೂ ಖಾಲಿ ಅಂತ ಕಾಣುತ್ತೆ. ಟೆಕ್ನೀಷಿಯಂನ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಹೊತ್ತು) 6 ಗಂಟೆ, ಹಾಗಾಗಿ 4 ಗಂಟೆಯಲ್ಲಿ ಕ್ಯಾಮೆರಾ ಹಿಡಿಯುವ ವಿಕಿರಣದ ಎಣಿಕೆ ತಾನಾಗಿಯೇ ಶೇ 63ಕ್ಕೆ ಇಳಿಯುತ್ತೆ. ಆ ತಿದ್ದುಪಡಿ ಮಾಡದಿದ್ದರೆ ಒಂದು ಚೂರೂ ಕದಲದ ಹೊಟ್ಟೆ ಕೂಡ ಮೂರನೇ ಒಂದು ಪಾಲು ಖಾಲಿ! ಇನ್ನು ಕ್ಯಾಮೆರಾ ಮುಂದೆಯೂ ಬೇಕು, ಹಿಂದೆಯೂ ಬೇಕು. ಊಟ ಬೆನ್ನಿನ ಕಡೆಯಿಂದ ಹೊಟ್ಟೆಯ ಮುಂಭಾಗಕ್ಕೆ ಸರಿಯುತ್ತೆ, ಮುಂದಿನಿಂದ ಮಾತ್ರ ನೋಡಿದರೆ ಎಣಿಕೆ ಏರಿದಂತೆ ಕಾಣುತ್ತೆ.

ಮಾತ್ರೆಗಳ ಕಥೆ ಬೇರೆ. ಜಠರವನ್ನು ಚುರುಕು ಮಾಡುವ ಡಾಂಪೆರಿಡೋನ್, ಮೆಟೊಕ್ಲೋಪ್ರಮೈಡ್, ನಿಧಾನ ಮಾಡುವ ಓಪಿಯಾಯ್ಡ್ ನೋವಿನ ಮಾತ್ರೆ ಇವನ್ನೆಲ್ಲ 2 ದಿನ ಮುಂಚೆ ನಿಲ್ಲಿಸಬೇಕು, ಅದೂ ಡಾಕ್ಟರಿಗೆ ಹೇಳಿಯೇ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆ ಡಾಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲನ್ನು ನಮ್ಮವರು ‘ಗ್ಯಾಸಿನ ಮಾತ್ರೆ’ ಅಂತಾರೆ. ‘ಯಾವ ಔಷಧ ತಗೋತೀರಿ’ ಅಂದರೆ ಅದು ಲೆಕ್ಕಕ್ಕೇ ಬರಲ್ಲ, ಬಿಡಿಸಿ ಕೇಳಬೇಕು. ಬೆಳಗಿನ ಸಕ್ಕರೆ 275 ದಾಟಿದ್ದರೆ ಪರೀಕ್ಷೆ ಮುಂದಕ್ಕೆ ಹಾಕಿ, ಏರಿದ ಸಕ್ಕರೆಯೇ ಜಠರವನ್ನು ನಿಧಾನ ಮಾಡುತ್ತೆ.

‘ಕ್ಯಾಮೆರಾ 4 ಗಂಟೆ ಒಬ್ಬರಿಗೇ ಕೊಟ್ಟು ಕೂರೋಕಾಗುತ್ತಾ ಮೇಡಂ?’ ಯಾರು ಕೊಡಿ ಅಂದರು? ಒಂದೊಂದು ಚಿತ್ರಕ್ಕೆ ಹಿಡಿಯೋದು ಒಂದೇ ನಿಮಿಷ. ನಡುವೆ ಅವರು ಹೊರಗೆ ಕೂತು ಪೇಪರ್ ಓದಲಿ, ನೀವು ಬೇರೆಯವರ ಮೂಳೆ ಸ್ಕ್ಯಾನ್ ಮುಗಿಸಿ.

ಓದಿಕೊಂಡವರ ವಾದ ಇನ್ನೊಂದು. ಅಮೆರಿಕದ ಗ್ಯಾಸ್ಟ್ರೋಪರೇಸಿಸ್ (ದಾರಿಯಲ್ಲಿ ಅಡ್ಡಿಯಿಲ್ಲದಿದ್ದರೂ ಜಠರ ತಡವಾಗಿ ಖಾಲಿಯಾಗುವ ಕಾಯಿಲೆ) ಸಂಶೋಧನಾ ಒಕ್ಕೂಟ 2021ರಲ್ಲಿ ತೋರಿಸಿತಲ್ಲ, 48 ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದಾಗ ಗ್ಯಾಸ್ಟ್ರೋಪರೇಸಿಸ್ ಅಂದವರಲ್ಲಿ ಶೇ 42 ಮಂದಿ ಫಂಕ್ಷನಲ್ ಡಿಸ್ಪೆಪ್ಸಿಯಾ (ತೊಂದರೆ ಅದೇ ತರದ್ದು, ಆದರೆ ಸ್ಕ್ಯಾನ್‌ನಲ್ಲಿ ತಡ ಕಾಣದವರು) ಗುಂಪಿಗೆ ಬಂದರು, ಡಿಸ್ಪೆಪ್ಸಿಯಾದವರಲ್ಲಿ ಶೇ 37 ಮಂದಿ ಆ ಕಡೆಗೆ ಹೋದರು ಅಂತ. ಅಂದಮೇಲೆ ಈ ಅಳತೆಗೇನು ಬೆಲೆ? ಆದರೆ ಅದು ಪೂರ್ತಿ 4 ಗಂಟೆಯ ಸ್ಕ್ಯಾನ್ ಮಾಡಿ ಕಂಡುಕೊಂಡ ಮಾತು, ನಿಮ್ಮ 90 ನಿಮಿಷದ್ದಲ್ಲ. ಎರಡು ಕಾಯಿಲೆಗಳೂ ಅಷ್ಟು ಹತ್ತಿರ ಇರುವಾಗ ಅಳತೆಯನ್ನು ಇನ್ನಷ್ಟು ಒರಟು ಮಾಡಿಕೊಳ್ಳೋದು ಯಾವ ಜಾಣತನ?

ಮೊಟ್ಟೆ ತಿನ್ನದವರಿಗೆ ಇಡ್ಲಿ ಕೊಡಿ, ನನ್ನ ತಕರಾರಿಲ್ಲ. ಆದರೆ ಆರೋಗ್ಯವಂತರಿಗೆ ಅದೇ ತೂಕದ ಇಡ್ಲಿ ಕೊಟ್ಟು ನಿಮ್ಮದೇ ನಾರ್ಮಲ್ ಅಂಕಿ ಹಿಡಿದಿರಬೇಕು. ಇಡ್ಲಿ ತಿನ್ನಿಸಿ ಮೊಟ್ಟೆಯ ಶೇ 10 ಹಚ್ಚಬೇಡಿ. ತಟ್ಟೆಯಲ್ಲಿ ಎಷ್ಟು ಬಿಟ್ಟರು, ವಾಂತಿಯಾದರೆ ಎಷ್ಟು ಹೊತ್ತಿಗಾಯಿತು, ಅದನ್ನೂ ರಿಪೋರ್ಟಿನಲ್ಲಿ ಬರೆಯಿರಿ.